ಯಾರ ಜತೆ ಆಡ್ತಿದ್ದೀಯಪ್ಪಾ ಅಂತ ಕೇಳಿ ನೋಡಿ

ಪ್ರಶ್ನೆ: ನಾವು ಗಂಗಾವತಿಯವರು. ಮಗ ಪಿಯುಸಿ ಮೊದಲನೇ ವರ್ಷ. ದಿನಾ ರಾತ್ರಿ ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ಬಿಜಿಎಂಐ ಅನ್ನೋ ಫೋನಿನ ಬಂದೂಕಿನ ಆಟ ಆಡ್ತಾನೆ. ಊಟಕ್ಕೆ ಕರೆದರೆ "ಐದೇ ನಿಮಿಷ" ಅಂತಾನೆ, ಅರ್ಧ ಗಂಟೆಯಾದರೂ ಏಳಲ್ಲ. ಫೋನ್ ಕಸಿದುಕೊಂಡರೆ ಎರಡು ದಿನ ಮಾತು ಬಿಡ್ತಾನೆ. ಮುಂದೆ ಇ-ಸ್ಪೋರ್ಟ್ಸ್, ಅಂದರೆ ವಿಡಿಯೊ ಗೇಮ್ ಪಂದ್ಯಗಳ ಆಟಗಾರ ಆಗ್ತೀನಿ ಅಂತಾನೆ. ನೀವು ಬಳ್ಳಾರಿಯ ಸೈಬರ್ ಕೆಫೆ ಕಾಲದಿಂದ ಇಂಥ ಆಟ ಆಡುತ್ತಾ ಬಂದವರು, ನೆಟ್‌ವರ್ಕ್ ಕೆಲಸ ಮಾಡುವವರು. ಆಗಿನ ಆಟಕ್ಕೂ ಈಗಿನದಕ್ಕೂ ಏನು ವ್ಯತ್ಯಾಸ? ಇದನ್ನು ಪೂರ್ತಿ ಬಿಡಿಸಬೇಕಾ?

ಉತ್ತರ: ಅಕ್ಕಾರೇ, ಮೊದಲು ಆ "ಐದೇ ನಿಮಿಷ"ದ ವಿಷಯ ನೋಡೋಣ. ನಿಮ್ಮ ಮನೆಯ ಜಗಳ ಅರ್ಧಕ್ಕರ್ಧ ಅಲ್ಲೇ ಇದೆ.

ನಿಮ್ಮ ಮಗ ಆಡುವ ಆಟದಲ್ಲಿ ಎರಾಂಗೆಲ್ ಅಂತ ಒಂದು ದ್ವೀಪ ಇದೆ. ಎಂಟು ಕಿಲೋಮೀಟರ್ ಉದ್ದ, ಎಂಟು ಕಿಲೋಮೀಟರ್ ಅಗಲ. ವಿಮಾನದಿಂದ ನೂರು ಜನ ಪ್ಯಾರಾಶೂಟ್ ಕಟ್ಟಿಕೊಂಡು ಇಳಿಯುತ್ತಾರೆ. ಸುರಕ್ಷಿತ ಜಾಗದ ವೃತ್ತ ಚಿಕ್ಕದಾಗುತ್ತಾ ಬರುತ್ತದೆ, ಕೊನೆಗೆ ಉಳಿದ ತಂಡ ಗೆಲ್ಲುತ್ತದೆ. ಮೊದಲ ನಿಮಿಷದಲ್ಲೇ ಸತ್ತರೆ ಆಟ ಅಲ್ಲಿಗೇ ಮುಗಿಯಿತು, ಕೊನೆಯ ವೃತ್ತದವರೆಗೆ ಉಳಿದರೆ ಅರ್ಧ ಗಂಟೆ ಹಿಡಿಯುತ್ತದೆ. ಎಷ್ಟು ಹೊತ್ತಾಗುತ್ತದೆ ಅನ್ನೋದು ಆಡುವವನಿಗೂ ಗೊತ್ತಿರುವುದಿಲ್ಲ. ನಡುವೆ ನಿಲ್ಲಿಸಿ ಊಟ ಮಾಡಿ ಬಂದು ಮುಂದುವರಿಸೋಣ ಅಂದರೆ ಆಗದು. ಆಟ ನಡೆಯುತ್ತಿರುವುದು ಅವನ ಫೋನಿನಲ್ಲಲ್ಲ, ದೂರದ ಸರ್ವರ್‌ನಲ್ಲಿ, ಅಂದರೆ ಎಲ್ಲರ ಆಟವನ್ನೂ ನಡೆಸುವ ಕಂಪ್ಯೂಟರ್‌ನಲ್ಲಿ. ಉಳಿದವರ ಪಾಲಿಗೆ ಅದು ನಡೆಯುತ್ತಲೇ ಇರುತ್ತದೆ. ಜತೆಗೆ ಅವನದು ನಾಲ್ಕು ಜನರ ಸ್ಕ್ವಾಡ್. ನೀವು ಫೋನ್ ಕಸಿದ ಗಳಿಗೆಯಲ್ಲಿ ಅವನು ನಡುದಾರಿಯಲ್ಲಿ ಕೈಬಿಟ್ಟದ್ದು ಆಟವನ್ನಲ್ಲ, ಮೂರು ಜನ ಗೆಳೆಯರನ್ನು. ಅವನ ಸಿಟ್ಟಿನ ಬೇರು ಇರುವುದು ಇಲ್ಲಿ.

ಹಾಗಾಗಿ ಗಡಿಯಾರ ನೋಡಿ ಕರೆಯಬೇಡಿ, ಮ್ಯಾಚ್ ನೋಡಿ ಕರೆಯಿರಿ. ಅನ್ನಕ್ಕೆ ಇಡುವಾಗಲೇ "ಇದು ಮುಗಿದ ಮೇಲೆ ಹೊಸದು ಹಾಕಬೇಡ, ಊಟ" ಅಂತ ಹೇಳಿ. ಅವನು ಹೂಂ ಅಂದ ಮೇಲೂ ಇನ್ನೊಂದು ಮ್ಯಾಚ್ ಶುರು ಮಾಡಿದರೆ ಆಗ ತಪ್ಪು ಅವನದು, ನಿಮ್ಮ ಸಿಟ್ಟಿಗೂ ಅರ್ಥ ಬರುತ್ತದೆ. ಊಟಕ್ಕೆ ಹತ್ತೇ ನಿಮಿಷ ಇದ್ದರೆ ಅದೇ ಆಟದಲ್ಲಿ ಟೀಮ್ ಡೆತ್‌ಮ್ಯಾಚ್ ಅಂತ ಬೇಗ ಮುಗಿಯುವ ಆಟ ಇದೆ, ಅದನ್ನು ಆಡಲಿ. ದಿನಕ್ಕೆ ಇಷ್ಟು ಗಂಟೆ ಅನ್ನುವ ಕಟ್ಟಳೆಗಿಂತ ದಿನಕ್ಕೆ ಇಷ್ಟು ಮ್ಯಾಚ್ ಅನ್ನುವ ಕಟ್ಟಳೆ ನಿಲ್ಲುತ್ತದೆ. ನಮ್ಮ ಅಕ್ಕನ ಮನೆಯಲ್ಲಿ, ಪಕ್ಕದ ಮನೆಯಲ್ಲಿ ಇದನ್ನೇ ಹೇಳಿಕೊಟ್ಟಿದ್ದೇನೆ, ನಡೆಯುತ್ತಿದೆ.

ಇನ್ನು ಆಗಿನ ಆಟ, ಈಗಿನ ಆಟ. ಇದರ ಬಗ್ಗೆ ನನ್ನ ಹತ್ತಿರ ಹೇಳೋದು ಬಹಳ ಇದೆ.

ಬಳ್ಳಾರಿಯಲ್ಲಿ ನಾವು ಶುರು ಮಾಡಿದ್ದು ರಾಯಲ್ ಸರ್ಕಲ್, ಗಾಂಧಿನಗರದ ಕಡೆಯ ಸೈಬರ್ ಕೆಫೆಗಳಲ್ಲಿ. ಪ್ಲೈವುಡ್ ಹೊಡೆದು ಮಾಡಿದ ಕ್ಯಾಬಿನ್‌ಗಳು, ದಪ್ಪ ಹೊಟ್ಟೆಯ ಮಾನಿಟರ್‌ಗಳು, ಎಲ್ಲಾ ಮೆಷೀನ್‌ಗಳನ್ನು ಒಂದೇ ಸ್ವಿಚ್‌ಗೆ ಜೋಡಿಸಿದ ಲ್ಯಾನ್ ಕೇಬಲ್. ಆಡುತ್ತಿದ್ದದ್ದು ಮುಖ್ಯವಾಗಿ ಎರಡು: ಸಾಮ್ರಾಜ್ಯ ಕಟ್ಟುವ ಏಜ್ ಆಫ್ ಎಂಪೈರ್ಸ್‌ನ ಎರಡನೇ ಭಾಗ, ಮತ್ತು ಎರಡು ತಂಡ ಬಂದೂಕು ಹಿಡಿದು ಕಾದಾಡುವ ಕೌಂಟರ್-ಸ್ಟ್ರೈಕ್. ಕೌಂಟರ್-ಸ್ಟ್ರೈಕ್ ಹುಟ್ಟಿದ ಕಥೆ ನಿಮ್ಮ ಮಗನಿಗೂ ಗೊತ್ತಿರಲಿ. 1999ರಲ್ಲಿ ಮಿನ್ ಲೀ, ಜೆಸ್ ಕ್ಲಿಫ್ ಎಂಬ ಇಬ್ಬರು ಹುಡುಗರು ಹಾಫ್-ಲೈಫ್ ಅನ್ನುವ ಬೇರೆ ಆಟವನ್ನು ತಿದ್ದಿ, ಪುಕ್ಕಟೆ ಹಂಚಿದ್ದು ಅದು. ಮರುವರ್ಷ ವಾಲ್ವ್ ಕಂಪನಿ ಅದನ್ನು ಅಂಗಡಿಗೆ ತಂದಿತು. ಇವತ್ತಿಗೂ ಅದರ ಹೊಸ ರೂಪವನ್ನು ಲಕ್ಷಾಂತರ ಜನ ಆಡುತ್ತಾರೆ. ದೊಡ್ಡ ಕಂಪನಿಯ ಬಂಡವಾಳದಿಂದಲ್ಲ, ಆಡುವವರ ಪ್ರೀತಿಯಿಂದಲೇ ಹುಟ್ಟಿದ ಆಟ ಅದು.

ಆ ಆಟದಲ್ಲಿ ಡಸ್ಟ್ 2 ಅಂತ ಒಂದು ಮ್ಯಾಪ್, ಅಂದರೆ ಕಾದಾಟ ನಡೆಯುವ ಜಾಗ. ಮರಳು ಬಣ್ಣದ ಗೋಡೆಗಳು, ಬೇಸಿಗೆಯಲ್ಲಿ ನಮ್ಮ ಕೋಟೆಯ ಕಲ್ಲು ಕಾಣುವ ಬಣ್ಣವೇ. ಅದರ ನಟ್ಟನಡುವೆ ಎರಡು ಬಾಗಿಲು, ಎರಡರ ಮಧ್ಯೆ ಬೆರಳಗಲದ ಸಂದು. ಎದುರಾಳಿ ತಂಡ ತಾನು ಕಾಯಬೇಕಾದ ಬಿ ಅನ್ನುವ ಜಾಗದ ಕಡೆಗೆ ಓಡುವಾಗ ಆ ಸಂದಿನಲ್ಲಿ ಒಂದು ಕ್ಷಣ ನೆರಳಿನ ಹಾಗೆ ಹಾದುಹೋಗುತ್ತದೆ. ಸ್ನೈಪರ್ ಹಿಡಿದವನು ಆ ಸಂದನ್ನೇ ನೋಡುತ್ತಾ ಕೂತಿರಬೇಕು, ನೆರಳು ಕಂಡ ಮೇಲೆ ಒತ್ತಿದರೆ ತಡ, ಕಾಣುವ ಮೊದಲೇ ಅಂದಾಜಿನಲ್ಲಿ ಒತ್ತಬೇಕು. ಕೌಲ್ ಬಜಾರ್ ಕಡೆಯಿಂದ ಬರುತ್ತಿದ್ದ ಹುಡುಗನೊಬ್ಬ ಇದರಲ್ಲಿ ಪಳಗಿಬಿಟ್ಟಿದ್ದ. ಅವನು ಎದುರು ತಂಡದಲ್ಲಿದ್ದಾನೆ ಅಂತ ಗೊತ್ತಾದರೆ ನಾವ್ಯಾರೂ ಆ ದಾರಿ ಹಿಡಿಯುತ್ತಿರಲಿಲ್ಲ. ಗಮನಿಸಿ, ಮ್ಯಾಪ್ ಅದೇ, ಬಂದೂಕು ಅದೇ. ಯಾರು ಆಡುತ್ತಿದ್ದಾರೆ ಅನ್ನುವುದರ ಮೇಲೆ ನಮ್ಮ ಇಡೀ ಲೆಕ್ಕಾಚಾರ ಬದಲಾಗುತ್ತಿತ್ತು.

ಆ ಕೋಣೆಯ ಸದ್ದು ಬೇರೆಯೇ. ಒಬ್ಬ "ಬಾಗ್ಲಾಗ ನಿಂತಾನಲೇ" ಅಂತ ಕನ್ನಡದಲ್ಲಿ ಕೂಗಿದರೆ, ಇನ್ನೊಬ್ಬ "ಅಕ್ಕಡ ಇದ್ದರು ಉನ್ನಾರು" (ಅಲ್ಲಿ ಇಬ್ಬರಿದ್ದಾರೆ) ಅಂತ ತೆಲುಗಿನಲ್ಲಿ ಎಣಿಕೆ ಕೊಡುತ್ತಿದ್ದ, ಮತ್ತೊಬ್ಬನದು "ಪೀಛೆ ದೇಖ್ ರೇ". ಮೂರೂ ಭಾಷೆ ಎಲ್ಲರಿಗೂ ಅರ್ಥವಾಗುತ್ತಿತ್ತು, ಬಳ್ಳಾರಿಯಲ್ಲಿ ಅದೇನು ದೊಡ್ಡ ಮಾತಲ್ಲ. ಕರೆಂಟ್ ಹೋದರೆ ಯುಪಿಎಸ್‌ಗಳೆಲ್ಲ ಒಟ್ಟಿಗೆ ಕೀಂಗುಡುತ್ತಿದ್ದವು, ಅವು ಸಾಯುವ ಮೊದಲು ರೌಂಡ್ ಮುಗಿಸುವ ಗಡಿಬಿಡಿ. ಆಮೇಲೆ ಹೊರಗೆ ಬಂದು ಒಗ್ಗರಣೆ-ಮಿರ್ಚಿ ತಿನ್ನುತ್ತಾ ಯಾರು ಎಲ್ಲಿ ಸತ್ತರು ಅನ್ನುವ ಪಂಚಾಯ್ತಿ. ಬೈಗುಳ ಇರಲಿಲ್ಲ ಅಂತಲ್ಲ, ಧಾರಾಳವಾಗಿತ್ತು. ಆದರೆ ಬೈದವನು ಪಕ್ಕದ ಕ್ಯಾಬಿನ್‌ನಲ್ಲೇ ಕೂತಿರುತ್ತಿದ್ದ, ಮಿತಿ ಮೀರಿದರೆ ಕೆಫೆ ಮಾಲೀಕರು ಬಂದು ಮಾನಿಟರ್ ಆರಿಸಿ ಹೊರಗೆ ಕಳಿಸುತ್ತಿದ್ದರು.

2005ರಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಶುರುವಾಯಿತು. ಗಣಿ ದುಡ್ಡು ಊರಲ್ಲಿ ಓಡಾಡುತ್ತಿದ್ದ ಕಾಲ, ಮನೆಮನೆಗೆ ಕಂಪ್ಯೂಟರ್ ಬಂದವು. ರಾತ್ರಿ ಎರಡರಿಂದ ಬೆಳಗಿನ ಎಂಟರವರೆಗೆ ಲೆಕ್ಕವಿಲ್ಲದೆ ಬಳಸಬಹುದಾದ ಒಂದು ಪ್ಲ್ಯಾನ್ ಇತ್ತು. ನಮ್ಮ ಪೀಳಿಗೆಯ ಆಟಗಾರರು ಎರಡು ಗಂಟೆಗೆ ಅಲಾರಂ ಇಟ್ಟು ಏಳುತ್ತಿದ್ದದ್ದು ಅದಕ್ಕೇ. ಮೊದಲ ಸಲ ಊರ ಹೊರಗಿನವರ ಜತೆ ಆಡಿದ್ದು ಆಗ. ಪಿಂಗ್ ಎಂಬ ಮಾತು ನಮ್ಮ ಬಾಯಿಗೆ ಬಂದದ್ದೂ ಆಗಲೇ.

ಈ ಪಿಂಗ್ ವಿಷಯವನ್ನು ತಾಯಂದಿರು ತಿಳಿದುಕೊಂಡರೆ ಒಳ್ಳೆಯದು, ಹುಡುಗರು ಇದ್ದಕ್ಕಿದ್ದ ಹಾಗೆ ಕಿರುಚುವುದಕ್ಕೆ ಬಹುತೇಕ ಇದೇ ಕಾರಣ. ನಮ್ಮ ಮೆಷೀನ್‌ನಿಂದ ಹೊರಟ ಸುದ್ದಿ ಸರ್ವರ್ ಮುಟ್ಟಿ ವಾಪಸ್ ಬರಲು ಹಿಡಿಯುವ ಹೊತ್ತೇ ಪಿಂಗ್. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ಸಿಂಗಪುರ ನಮ್ಮಿಂದ ಮೂರು ಸಾವಿರ ಕಿಲೋಮೀಟರ್‌ಗೂ ಹೆಚ್ಚು ದೂರ, ಅಂದರೆ ಎಂಥಾ ಸಂಪರ್ಕ ಹಾಕಿಸಿದರೂ ಹೋಗಿ ಬರಲು 30 ಮಿಲಿಸೆಕೆಂಡ್‌ಗಿಂತ ಕಡಿಮೆ ಆಗದು. ಹಳೇ ಟೆಲಿಫೋನ್ ತಾಮ್ರದ ತಂತಿಯಲ್ಲಿ ನಮಗೆ ಇದರ ಹಲವು ಪಟ್ಟು ಆಗುತ್ತಿತ್ತು. ಹಾಗಾದರೆ ದೂರದವನು ಗುಂಡು ಹೊಡೆದದ್ದು ತಾಗಿತೋ ಇಲ್ಲವೋ ತೀರ್ಮಾನಿಸುವುದು ಹೇಗೆ? ಸರ್ವರ್ ಗಡಿಯಾರವನ್ನು ಅಷ್ಟು ಹಿಂದಕ್ಕೆ ತಿರುಗಿಸಿ, ಹೊಡೆದವನ ಪರದೆಯಲ್ಲಿ ಆ ಕ್ಷಣ ಎದುರಾಳಿ ಎಲ್ಲಿ ಕಾಣುತ್ತಿದ್ದ ಅಂತ ನೋಡಿ ತೀರ್ಪು ಕೊಡುತ್ತದೆ. ಅದಕ್ಕೇ ಕೆಲವೊಮ್ಮೆ ಗೋಡೆಯ ಮರೆಗೆ ಬಂದ ಮೇಲೂ ಸಾಯುವುದುಂಟು. ನಿಮ್ಮ ಮಗ "ನಾನು ಕವರ್ ಒಳಗಿದ್ದೆ" ಅಂತ ಒದರಿದರೆ ಅವನ ಕಣ್ಣಿಗೆ ಕಂಡದ್ದು ನಿಜವೇ. ಇನ್ನೊಂದು ಮಾತು: ಆಟಕ್ಕೆ ಡೇಟಾ ಹೆಚ್ಚು ಬೇಡ, ಸಮಯಕ್ಕೆ ಸರಿಯಾಗಿ ತಲುಪಬೇಕು ಅಷ್ಟೇ. ಒಂದೇ ವೈಫೈನಲ್ಲಿ ಇನ್ನೊಬ್ಬರು ದೊಡ್ಡ ಫೈಲ್ ಇಳಿಸಿಕೊಳ್ಳಲು ಶುರು ಮಾಡಿದರೆ ಅವನ ಆಟದ ಪುಟ್ಟ ಡೇಟಾ ತುಣುಕುಗಳು ಹಿಂದೆ ಸಾಲು ನಿಲ್ಲಬೇಕಾಗುತ್ತದೆ, ಪಿಂಗ್ ಏರುತ್ತದೆ.

ನನ್ನ ಮನಸ್ಸಿಗೆ ತೀರಾ ಹತ್ತಿರವಾದ ವಿಷಯಕ್ಕೆ ಈಗ ಬರುತ್ತೇನೆ. ಆ ಕಾಲದಲ್ಲಿ ಆನ್‌ಲೈನ್ ಅಂದರೆ ಸರ್ವರ್‌ಗಳ ಪಟ್ಟಿ. ಪ್ರತಿಯೊಂದಕ್ಕೂ ಒಂದು ಹೆಸರು, ನಡೆಸುವ ಒಬ್ಬ ಅಡ್ಮಿನ್, ದಿನಾ ಬರುವ ಇಪ್ಪತ್ತು-ಮೂವತ್ತು ಜನ. ಮೋಸದ ಸಾಫ್ಟ್‌ವೇರ್ ಹಾಕಿದವನನ್ನು ಅಡ್ಮಿನ್ ಅಲ್ಲೇ ಹಿಡಿದು ನಿಷೇಧಿಸುತ್ತಿದ್ದ. ಬಾಯಿ ಹರಿಬಿಟ್ಟವನಿಗೆ ಸ್ಲ್ಯಾಪ್ ಅಂತ ಒಂದು ಆದೇಶ ಇತ್ತು. ಅಡ್ಮಿನ್ ಅದನ್ನು ಟೈಪ್ ಮಾಡಿದರೆ ಆ ಆಟಗಾರ ಕಪಾಳಕ್ಕೆ ಬಿದ್ದವನ ಹಾಗೆ ಗಾಳಿಯಲ್ಲಿ ಎಗರಿ ಬೀಳುತ್ತಿದ್ದ, ಎಲ್ಲರೂ ನೋಡುತ್ತಿದ್ದರು. ಹೊಸಬರಿಗೆ ಹಳಬರು ದಾರಿ ಹೇಳಿಕೊಡುತ್ತಿದ್ದರು, ನಾಳೆ ಅವನೇ ನಮ್ಮ ತಂಡಕ್ಕೆ ಬರುವವನಲ್ಲವೇ. ನಮ್ಮೂರಿನ ಕಟ್ಟೆಗೂ ಅದಕ್ಕೂ ಏನೂ ಫರಕಿರಲಿಲ್ಲ: ಯಾರು ಬೇಕಾದರೂ ಬಂದು ಕೂರಬಹುದು, ಆದರೆ ನಾಳೆಯೂ ಬರಬೇಕಾದವರು ಮಾತಿನ ಮೇಲೆ ನಿಗಾ ಇಟ್ಟಿರುತ್ತಾರೆ.

2004ರಲ್ಲಿ ಹೇಲೋ 2 ಎಂಬ ಆಟ ಮ್ಯಾಚ್‌ಮೇಕಿಂಗ್ ಪದ್ಧತಿಯನ್ನು ಜನಪ್ರಿಯ ಮಾಡಿತು, ಈಗ ಎಲ್ಲಾ ಕಡೆ ಅದೇ. ಒಂದು ಗುಂಡಿ ಒತ್ತಿದರೆ ಸಾಕು, ಯಂತ್ರವೇ ನಿಮ್ಮ ಮಟ್ಟದ ಅಪರಿಚಿತರನ್ನು ಹುಡುಕಿ ಕೂಡಿಸುತ್ತದೆ. ಅನುಕೂಲ ದೊಡ್ಡದು, ಇಲ್ಲ ಅನ್ನಲಾರೆ. ಸಮಬಲದವರ ಜತೆ ಆಡುವುದರಲ್ಲಿ ಸುಖವಿದೆ. ಆದರೆ ಮ್ಯಾಚ್ ಮುಗಿದ ಮೇಲೆ ಆ ಜನ ಮತ್ತೆ ಸಿಗುವುದಿಲ್ಲ. ಹದಿನಾರರ ಹುಡುಗನ ಕಿವಿಗೆ ಯಾರೋ ಬಾಯಿಗೆ ಬಂದ ಹಾಗೆ ಬೈದು ಮಾಯವಾಗುತ್ತಾನೆ, ಬೈದದ್ದಕ್ಕೆ ಅವನು ಕಳೆದುಕೊಳ್ಳುವುದು ಏನೂ ಇಲ್ಲ. ದೂರು ಕೊಡುವ ಗುಂಡಿ ಇದೆ, ಆದರೆ ನೋಡಿಕೊಳ್ಳುವ ಮನುಷ್ಯ ಇಲ್ಲ. ಈ ಆಟಗಳು ಕಳೆದುಕೊಂಡದ್ದರಲ್ಲಿ ಇದೇ ದೊಡ್ಡದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಗ್ರಾಫಿಕ್ಸ್, ಬಂದೂಕು, ರಕ್ತ, ಇವುಗಳ ಬಗ್ಗೆ ನಡೆಯುವ ಚರ್ಚೆ ನನಗೆ ಅಷ್ಟು ಮುಖ್ಯ ಅನ್ನಿಸುವುದಿಲ್ಲ.

ಯಾಕಂದರೆ ಇಂಥ ಆಟದ ಜೀವ ಇರುವುದು ಆಡುವ ಜನರಲ್ಲೇ. ಇದು ಇವತ್ತಿನದಲ್ಲ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಶುರು ಮಾಡಿ, ರಿಚರ್ಡ್ ಬಾರ್ಟಲ್ ಮುಂದುವರಿಸಿದ ಮಡ್ ಎಂಬ ಆಟದಲ್ಲಿ ಚಿತ್ರವೇ ಇರಲಿಲ್ಲ, ಬರೀ ಅಕ್ಷರ. ಆದರೂ ಜನ ರಾತ್ರಿಯಿಡೀ ಕೂತು ಆಡಿದರು. ಮುಂದೆ 1996ರಲ್ಲಿ ಬಾರ್ಟಲ್ ಆಟಗಾರರನ್ನು ನಾಲ್ಕು ಬಗೆಯಾಗಿ ನೋಡಿದರು: ಸಾಧನೆ ಬೇಕೆನ್ನುವವರು, ಮೂಲೆಮೂಲೆ ಹುಡುಕುವವರು, ಮಾತಿಗೆ ಬರುವವರು, ಬೇರೆಯವರ ಮೇಲೆ ಬೀಳುವವರು. ನಿಮ್ಮ ಮಗ ಯಾವ ಬಗೆ ಅಂತ ಹತ್ತಿರ ಕೂತು ನೋಡಿದರೆ ಒಂದೇ ವಾರದಲ್ಲಿ ನಿಮಗೆ ತಿಳಿಯುತ್ತದೆ. 2005ರಲ್ಲಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆನ್‌ಲೈನ್ ಆಟದಲ್ಲಿ ಒಂದು ಪ್ರತ್ಯೇಕ ಪ್ರದೇಶದೊಳಗೇ ಉಳಿಯಬೇಕಿದ್ದ ಅಂಟುರೋಗ ಸಾಕುಪ್ರಾಣಿಗಳ ಮೂಲಕ ಊರುಗಳಿಗೆ ಹರಡಿಬಿಟ್ಟಿತು. ಕೆಲವರು ಊರು ಬಿಟ್ಟು ಓಡಿದರು, ಕೆಲವರು ಸಾಯುತ್ತಿದ್ದವರಿಗೆ ಮದ್ದು ಮಾಡಲು ನಿಂತರು, ಕೆಲವರು ಬೇಕಂತಲೇ ಹರಡಿದರು. ಸಾಂಕ್ರಾಮಿಕ ರೋಗದ ಸಂಶೋಧಕರು ಅದರ ಮೇಲೆ ಪ್ರಬಂಧ ಬರೆದರು. ಕೊರೊನಾ ಬಂದಾಗ ನಮ್ಮ ಬೀದಿಯಲ್ಲಿ ಈ ಮೂರೂ ಥರದವರನ್ನು ಕಂಡೆ.

ಫೋನಿನ ಆಟವನ್ನು ಬರೀ ದೂರುವವರ ಗುಂಪಿಗೆ ನಾನು ಸೇರಿದವನಲ್ಲ. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂತು, 2018ರಲ್ಲಿ ಪಬ್‌ಜಿ ಮೊಬೈಲ್ ಬಂತು. ಅಲ್ಲಿಯವರೆಗೆ ಕಂಪ್ಯೂಟರ್ ಕೊಳ್ಳಲು ಆಗುವವರ, ಪೇಟೆಯವರ ಆಟವಾಗಿದ್ದದ್ದು ಸಿರುಗುಪ್ಪ, ಕಂಪ್ಲಿ, ಕುರುಗೋಡಿನ ಹುಡುಗರ ಕೈಗೂ ಬಂತು. ಭತ್ತದ ಗದ್ದೆಗೆ ನೀರು ಬಿಟ್ಟು ಬದುವಿನ ಮೇಲೆ ಕೂತು, ಹೈದರಾಬಾದಿನವನ ಜತೆ ತಂಡ ಕಟ್ಟುವ ಹುಡುಗನನ್ನು ನೋಡಿ ನನಗೆ ಖುಷಿಯಾಗಿದೆ. ಏಪ್ರಿಲ್ ಬಿಸಿಲಿಗೆ ಫೋನ್ ಕಾದು ಆಟ ಜಗ್ಗಲು ಶುರುವಾದಾಗ ಎಲ್ಲರೂ ಕೂಲರ್ ಮುಂದೆ ಸಾಲಾಗಿ ಕೂರುವುದನ್ನು ನೀವೂ ನೋಡಿರುತ್ತೀರಿ.

2020ರ ಸೆಪ್ಟೆಂಬರ್ 2ರಂದು ಸರ್ಕಾರ ಪಬ್‌ಜಿ ನಿಷೇಧಿಸಿತು. ನಮ್ಮ ಓಣಿಯ ಹುಡುಗರು ಏನು ಮಾಡಿದರು ಗೊತ್ತೇ? ನಾಲ್ವರೂ ಮಾತಾಡಿಕೊಂಡು ಒಟ್ಟಿಗೆ ಇನ್ನೊಂದು ಆಟಕ್ಕೆ ಹೋದರು. 2021ರ ಜುಲೈನಲ್ಲಿ ಬಿಜಿಎಂಐ ಹೆಸರಿನಲ್ಲಿ ಅದು ಮರಳಿದಾಗ ಒಟ್ಟಿಗೇ ವಾಪಸ್ ಬಂದರು. 2022ರ ಜುಲೈನಲ್ಲಿ ಅದೂ ಮಾಯವಾಯಿತು, 2023ರ ಮೇ ತಿಂಗಳಲ್ಲಿ ಮತ್ತೆ ಬಂತು, ಹದಿನೆಂಟು ತುಂಬದವರಿಗೆ ದಿನಕ್ಕೆ ಮೂರು ಗಂಟೆಯ ಮಿತಿಯೊಂದಿಗೆ. ಅಷ್ಟು ಸಲ ಆಟ ಬದಲಾದರೂ ಗುಂಪು ಬದಲಾಗಲಿಲ್ಲ. ಒಂದು ಆಟ ತೆಗೆದರೆ ಹುಡುಗ ಸುಮ್ಮನಾಗುತ್ತಾನೆ ಅನ್ನುವವರು ಇದನ್ನು ನೋಡಬೇಕು. ನೀವು ಬಿಜಿಎಂಐ ಅಳಿಸಿದರೂ ಅವನು ಆ ಮೂರು ಜನ ಇರುವ ಕಡೆಗೇ ಹೋಗುತ್ತಾನೆ.

ಹಾಗಾಗಿ ನೀವು ಕೇಳಬೇಕಾದ ಮೊದಲ ಪ್ರಶ್ನೆ "ಎಷ್ಟು ಹೊತ್ತು" ಅಲ್ಲ, "ಯಾರ ಜತೆ". ಕಾಲೇಜಿನ ಹುಡುಗರೋ, ಮಾವನ ಮಗನೋ, ಅಥವಾ ಆಟದಲ್ಲೇ ಪರಿಚಯವಾದವರೋ? ಅವರಲ್ಲಿ ದೊಡ್ಡವರಿದ್ದಾರಾ? ಯಾರಾದರೂ ಅವನ ಫೋಟೊ, ಅಕೌಂಟಿನ ಪಾಸ್‌ವರ್ಡ್, ದುಡ್ಡು ಕೇಳಿದ್ದಾರಾ? ಬೇರೆ ಆ್ಯಪ್‌ಗೆ ಬಾ, ಅಲ್ಲಿ ಮಾತಾಡೋಣ ಅಂತ ಕರೆದಿದ್ದಾರಾ? ಗೊತ್ತಿರುವ ನಾಲ್ವರ ತಂಡವಾದರೆ ಚಿಂತೆ ಮುಕ್ಕಾಲು ಕಡಿಮೆ. ಅಪರಿಚಿತರ ಜತೆ ಆಡುವಾಗ ಧ್ವನಿಯನ್ನು ತಂಡದ ಗೆಳೆಯರಿಗಷ್ಟೇ ತೆರೆದಿಟ್ಟು ಉಳಿದವರದನ್ನು ಮ್ಯೂಟ್ ಮಾಡಲು ಹೇಳಿ. ಒಂದು ಸಂಜೆ ಇಯರ್‌ಫೋನ್ ತೆಗೆಸಿ, ಸ್ಪೀಕರ್ ಹಾಕಿಸಿ, ಪಕ್ಕದಲ್ಲಿ ಕೂತು ಒಂದು ಮ್ಯಾಚ್ ನೋಡಿ. ಮೊದಲು ಮುಜುಗರಪಡುತ್ತಾನೆ, ಆಮೇಲೆ ತಾನೇ ವಿವರಿಸಲು ಶುರು ಮಾಡುತ್ತಾನೆ.

ಈಗಿನ ಆಟಗಳಲ್ಲಿ ನನಗೆ ನಿಜಕ್ಕೂ ಹಿಡಿಸದ್ದು ದುಡ್ಡಿನ ಏರ್ಪಾಡು. ನಮ್ಮ ಕಾಲದ ಆಟ ನಾವು ತೆರೆದರೆ ಆಡುತ್ತಿತ್ತು, ಮುಚ್ಚಿದರೆ ಸುಮ್ಮನಿರುತ್ತಿತ್ತು. ಈಗಿನದು ಕರೆಯುತ್ತದೆ. ದಿನಾ ಲಾಗಿನ್ ಆದರೆ ಬಹುಮಾನ, ಈ ವಾರದ ಮಿಷನ್, ಗೊತ್ತಾದ ದಿನಕ್ಕೆ ಮುಗಿದುಹೋಗುವ ಪಾಸ್. ಬಂದೂಕಿನ ಬಣ್ಣಕ್ಕೆ, ಅಂಗಿಗೆ ದುಡ್ಡು. ಅದೂ ನೇರವಾಗಿ ಅಲ್ಲ, ಪೆಟ್ಟಿಗೆ ಕೊಂಡು ಒಡೆದು ಒಳಗೆ ಏನಿದೆಯೋ ನೋಡಬೇಕು. ಬೆಲ್ಜಿಯಂ ದೇಶ 2018ರಲ್ಲೇ ಇಂಥ ಪೆಟ್ಟಿಗೆ ಮಾರುವುದನ್ನು ಜೂಜು ಎಂದು ಪರಿಗಣಿಸಿತು. ಅದು ಸರಿ ಅಂತಲೇ ನನ್ನ ಮತ. ನಮ್ಮಲ್ಲಿ 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾನೂನು ಮಾಡಿ, ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು, ಅದೇ ಕಾನೂನು ಇ-ಸ್ಪೋರ್ಟ್ಸ್‌ಗೆ ಮಾನ್ಯತೆ ಕೊಟ್ಟಿತು. ಬಿಜಿಎಂಐ ರಮ್ಮಿಯ ಹಾಗಲ್ಲ, ಆದರೆ ಪೆಟ್ಟಿಗೆಗಳು ಇದ್ದೇ ಇವೆ. ನಿಮ್ಮ ಯುಪಿಐ, ಕಾರ್ಡ್ ಯಾವುದೂ ಅವನ ಪ್ಲೇ ಸ್ಟೋರ್‌ಗೆ ಜೋಡಣೆಯಾಗಿರಬಾರದು.

ಇ-ಸ್ಪೋರ್ಟ್ಸ್ ಕನಸನ್ನು ತಳ್ಳಿಹಾಕಬೇಡಿ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಅದು ಪ್ರದರ್ಶನ ಆಟವಾಗಿದ್ದಾಗ ನಮ್ಮ ತೀರ್ಥ್ ಮೆಹ್ತಾ ಹಾರ್ತ್‌ಸ್ಟೋನ್ ಎಂಬ ಆಟದಲ್ಲಿ ಕಂಚು ಗೆದ್ದರು. 2023ರಲ್ಲಿ ನಡೆದ ಹಾಂಗ್‌ಝೌ ಕೂಟದಲ್ಲಿ ಅದಕ್ಕೆ ಅಧಿಕೃತ ಪದಕವೇ ಇತ್ತು. ಆದರೆ ಲೆಕ್ಕ ಹಾಕಿ ತೋರಿಸಿ: ದೊಡ್ಡ ಬಿಜಿಎಂಐ ಪಂದ್ಯದ ಒಂದು ಲಾಬಿಯಲ್ಲಿ, ಅಂದರೆ ಒಟ್ಟಿಗೆ ಒಂದು ಮ್ಯಾಚ್ ಆಡುವ ಗುಂಪಿನಲ್ಲಿ, ಹದಿನಾರು ತಂಡ, ಅರವತ್ನಾಲ್ಕು ಜನ. ಅದಕ್ಕೆ ಕಣ್ಣಿಟ್ಟವರು ದೇಶದ ತುಂಬ ಇದ್ದಾರೆ. ಅವನು ನಿಜವಾಗಿ ತಯಾರಾಗುತ್ತಿದ್ದಾನಾ ಅನ್ನೋದಕ್ಕೆ ಗುರುತು ಸುಲಭ. ಸೋತ ಮ್ಯಾಚನ್ನು ರೆಕಾರ್ಡ್ ಮಾಡಿ ತಿರುಗಿ ನೋಡುತ್ತಾನಾ? ಅದೇ ನಾಲ್ವರ ಜತೆ ಗೊತ್ತಾದ ಸಮಯಕ್ಕೆ ಅಭ್ಯಾಸ ಇದೆಯಾ? ತಂಡದಲ್ಲಿ ಅವನ ಕೆಲಸವೇನು ಅಂತ ಎರಡು ಮಾತಿನಲ್ಲಿ ಹೇಳಬಲ್ಲನಾ? ಇವು ಇಲ್ಲದೆ ಬರೀ ಗಂಟೆ ಹೆಚ್ಚಿಸಿಕೊಂಡರೆ ಅದು ಮನರಂಜನೆ. ಇರಲಿ, ಅದೂ ಬೇಕು, ಆದರೆ ಅದಕ್ಕಾಗಿ ಪಿಯುಸಿ ಬಿಡಲಾಗದು. ಇದರ ಬೆನ್ನಿಗೇ ನೆಟ್‌ವರ್ಕ್, ಸರ್ವರ್, ಪ್ರೋಗ್ರಾಮಿಂಗ್ ಕೆಲಸಗಳಿವೆ. ಪಿಂಗ್ ಯಾಕೆ ಏರುತ್ತದೆ ಅಂತ ಹುಡುಕುತ್ತಾ ಹೋಗಿಯೇ ನನಗೆ ಈ ಕೆಲಸದ ರುಚಿ ಹತ್ತಿದ್ದು.

ಪೂರ್ತಿ ಬಿಡಿಸಬೇಕಾ ಅಂದಿರಿ. ಈಗ ನೀವು ಬರೆದಿರುವಷ್ಟಕ್ಕೆ ಬೇಡ. ರಾತ್ರಿ ಹತ್ತೂವರೆ ಆದ ಮೇಲೆ ಫೋನ್ ಹಾಲ್‌ನಲ್ಲಿ ಚಾರ್ಜಿಗೆ ಇರಲಿ, ನಿಮ್ಮದೂ ಅಲ್ಲೇ ಇರಲಿ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಗೇಮಿಂಗ್ ಡಿಸಾರ್ಡರ್ ಸೇರಿದೆ ನಿಜ, ಆದರೆ ಅದರ ಲಕ್ಷಣಗಳು ಬೇರೆ: ತಡೆದುಕೊಳ್ಳಲು ಆಗುವುದೇ ಇಲ್ಲ, ಉಳಿದೆಲ್ಲಕ್ಕಿಂತ ಆಟವೇ ಮುಂದಾಗುತ್ತದೆ, ಓದು, ನಿದ್ದೆ, ಸಂಬಂಧ ಕೆಡುತ್ತಿದೆ ಅಂತ ಗೊತ್ತಿದ್ದೂ ಆಟ ನಿಲ್ಲುವುದಿಲ್ಲ, ಇದು ಸಾಮಾನ್ಯವಾಗಿ ವರ್ಷವಿಡೀ ನಡೆದಿರುತ್ತದೆ. ಊಟಕ್ಕೆ ತಡವಾಗಿ ಬರುವ ಹುಡುಗನಿಗೆ ಆ ಹೆಸರು ಕಟ್ಟಬೇಡಿ. ಆದರೆ ಅವನು ಕಾಲೇಜು ತಪ್ಪಿಸಲು ಶುರು ಮಾಡಿದರೆ, ಎದುರಿಗೆ ಸಿಕ್ಕ ಗೆಳೆಯರನ್ನೂ ಬಿಟ್ಟರೆ, ಮನೆಯಲ್ಲಿ ದುಡ್ಡು ಕಾಣೆಯಾದರೆ, ವರ್ಷ ಕಾಯುವ ಅಗತ್ಯವಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೆಂದೇ ಶಟ್ ಎಂಬ ಕ್ಲಿನಿಕ್ ಇದೆ. ಅಷ್ಟು ದೂರ ಹೋಗುವ ಮೊದಲು ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಮಗನಿಗೆ ಹೇಳಿಯೇ ಮಾಡಿ.